ಹುಲ್ಲಿನ ಮೇಲೆ ಹನ್ನೆರಡು ಲೋಟ

ಕ್ಷೌರದಂಗಡಿಯ ನಲ್ಲಿಯಲ್ಲಿ ಬೆಳಗ್ಗೆ ಹತ್ತರ ಮೇಲೆ ನೀರಿರಲಿಲ್ಲ. ಎದುರಿನ ಹುಲ್ಲುಹಾಸಿಗೆ ಇತ್ತು.

ಮೇಲೆ ಮನೆಗಳು, ಕೆಳಗೆ ಅಂಗಡಿಗಳು, ಮುಂದೆ ಅಂಗಳ. ಇಡೀ ಕಟ್ಟಡಕ್ಕೆ ನೆಲದಡಿಯ ನೀರಿನ ತೊಟ್ಟಿ ಒಂದೇ. ತೋಟದ ಪಂಪು ಶುರುವಾಯಿತೆಂದರೆ ತೊಟ್ಟಿಯ ತಳ ಕಾಣುತ್ತಿತ್ತು. ತೋಟದ ಉಸ್ತುವಾರಿ ಮೇಷ್ಟ್ರದು. ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆಯೇ ಈಗ ಹುಲ್ಲನ್ನೂ ನಿಲ್ಲಿಸಿದ್ದರು. ಅದರ ಮೇಲೆ ಕಾಲಿಡುವ ಅಧಿಕಾರ ಕತ್ತರಿಸುವ ಯಂತ್ರಕ್ಕೆ ಮಾತ್ರ.

ಒಂದು ದಿನ ಗಿರಾಕಿಯೊಬ್ಬ ಅರ್ಧ ಮುಖಕ್ಕೆ ನೊರೆ ಹೊತ್ತು, ಕೊರಳಿಗೆ ಸುತ್ತಿದ ಬಿಳಿ ಬಟ್ಟೆಯ ಸಮೇತ ಅಂಗಡಿಯಿಂದ ಓಡಿ ಬಂದ. ನೇರ ಹುಲ್ಲಿಗೆ ನುಗ್ಗಿ, ತಿರುಗುತ್ತ ನೀರು ಚಿಮ್ಮುತ್ತಿದ್ದ ಸ್ಪ್ರಿಂಕ್ಲರಿಗೆ ಮುಖ ಕೊಟ್ಟು ನಿಂತ.

"ಏ, ಹುಲ್ಲು ತುಳೀಬೇಡ್ರೀ!" ಮೇಷ್ಟ್ರು ಅರಚಿದರು.

"ಕಣ್ಣಿಗೆ ಸೋಪು ಹೋಗಿದೆ ಸಾರ್! ನಿಮ್ಮ ಹುಲ್ಲು ಕುಡಿದು ಮಿಕ್ಕಿದ್ರೆ ನನಗೂ ಒಂಚೂರು ಬಿಡಿ!"

ಹಿಂದೆಯೇ ಕ್ಷೌರಿಕ ಬಂದ. ಅವನು ನಗಲಿಲ್ಲ. "ಮೇಷ್ಟ್ರೇ, ಪಕ್ಕದ ಬೀದೀಲಿ ಒಂದು ಮಳಿಗೆ ನೋಡಿದೀನಿ. ತಿಂಗಳ ಕೊನೆಗೆ ಹೊರಡ್ತೀನಿ."

"ಇಷ್ಟಕ್ಕೆಲ್ಲ ಮುನಿಸ್ಕೋತಾರೇನಯ್ಯಾ?"

"ಮುನಿಸಲ್ಲ. ನೀರಿಲ್ದೆ ಗಡ್ಡ ಹೆಂಗೆ ಹೆರೀಲಿ, ನೀವೇ ಹೇಳಿ."

ನಿವೃತ್ತಿಯಾದಾಗಿನಿಂದ ಮೇಷ್ಟ್ರ ಬೆಳಗುಗಳೆಲ್ಲ ಆ ಅಂಗಡಿಯ ಬೆಂಚಿನ ಮೇಲೆ ಕಳೆದಿದ್ದವು. ಪೇಪರು ಅಲ್ಲೇ, ಜಗಳ ಅಲ್ಲೇ, ನಗು ಅಲ್ಲೇ. ಅವರ ಮಾತನ್ನು ಕೊನೆಯವರೆಗೆ ಕೇಳುವವನು ಅವನೊಬ್ಬನೇ. ಕೆಲಸ ಬಿಟ್ಟು ಓಡಲು ಅವನಿಗೆ ದಾರಿಯೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮೇಷ್ಟ್ರ ಮುಖ ಗಂಟಿಕ್ಕಿತ್ತು. ಸೊಸೆಗೆ ಸುದ್ದಿ ಆಗಲೇ ಮುಟ್ಟಿತ್ತು. ದೊಡ್ಡ ಕಟ್ಟಡಗಳ ತೋಟ ನೋಡಿಕೊಳ್ಳುವುದೇ ಅವಳ ಉದ್ಯೋಗ. ಈ ಕಟ್ಟಡದ ತೋಟಕ್ಕೆ ಮಾತ್ರ ಮಾವ ಅವಳನ್ನು ಸೇರಿಸಿರಲಿಲ್ಲ.

"ಮಾವ, ತೋಟಕ್ಕೆ ಅಷ್ಟು ನೀರು ಬೇಕಿಲ್ಲ."

"ಬೇಕಿಲ್ವಾ? ಹೊರಗೆ ಹೋಗಿ ನೋಡಮ್ಮ. ದಾಸವಾಳದ ಎಲೆ ಜೋತು ಬಿದ್ದಿದೆ."

"ಬಿಸಿಲಿಗೆ ನೀವೂ ಜೋತು ಬೀಳ್ತೀರಿ," ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಅದಕ್ಕೇಂತ ನಿಮ್ಮ ಮೇಲೆ ಪೈಪು ಹಿಡೀತೀವಾ?"

ಸೊಸೆ ನಗು ನುಂಗಿಕೊಂಡಳು. "ಇವತ್ತೊಂದು ಮಧ್ಯಾಹ್ನ ಪಂಪು ಹಾಕ್ಬೇಡಿ. ಸಂಜೆ ಗಿಡ ನೋಡಿ."

"ನಾಳೆ ಹುಲ್ಲೆಲ್ಲ ಕಿತ್ತು ಜಲ್ಲಿ ಸುರೀತೀಯ. ನಾಡಿದ್ದು ಕಳ್ಳಿ ನೆಡ್ತೀಯ. ನಾನಿರೋವರೆಗೂ ಅದು ನಡೆಯಲ್ಲ."

ಆದರೂ ಅವರು ಪಂಪು ಹಾಕಲಿಲ್ಲ. ಬಿಸಿಲು ಇಳಿದ ಮೇಲೆ ಹೋಗಿ ನೋಡಿದರೆ, ತೊಟ್ಟು ನೀರು ಬೀಳದಿದ್ದರೂ ಎಲೆಗಳು ಎದ್ದು ನಿಂತಿದ್ದವು. "ಏನೋ ಗಾಳಿ ತಂಪಾಗಿತ್ತು," ಎಂದು ಗೊಣಗಿ ಒಳಗೆ ಬಂದರು.

ಮರುದಿನ ಬೆಳಗ್ಗೆ ಸೊಸೆ ಅತ್ತೆಯ ಹನ್ನೆರಡು ಸ್ಟೀಲ್ ಲೋಟಗಳನ್ನು ಹೊತ್ತು ಅಂಗಳಕ್ಕಿಳಿದಳು. ಕೆಲವನ್ನು ಹುಲ್ಲಿನ ಮೇಲೆ, ಒಂದನ್ನು ಗೋಡೆಯ ಮೂಲೆಯ ಹುಲ್ಲಿನಲ್ಲಿ, ಎರಡನ್ನು ಸಿಮೆಂಟಿನ ದಾರಿಯಲ್ಲಿ, ಒಂದನ್ನು ಕ್ಷೌರದಂಗಡಿಯ ಮೆಟ್ಟಿಲ ಮೇಲೆ ಇಟ್ಟಳು.

"ಏನಮ್ಮ ಇದು, ಯಾರಿಗೆ ಪಂಕ್ತಿ ಹಾಕಿದೀಯ?"

"ಸ್ಪ್ರಿಂಕ್ಲರ್ ಬಿಡಿ ಮಾವ. ಯಾರು ಎಷ್ಟು ಕುಡೀತಾರೆ ನೋಡೋಣ."

ಸ್ವಲ್ಪ ಹೊತ್ತು ಬಿಟ್ಟು ನಿಲ್ಲಿಸಿದರು. ಹುಲ್ಲಿನ ನಡುವಿನ ಲೋಟಗಳಲ್ಲಿ ನೀರು ಚೆನ್ನಾಗಿಯೇ ನಿಂತಿತ್ತು. ದಾರಿಯ ಎರಡರಲ್ಲೂ ಅಷ್ಟೇ ಇತ್ತು. ಗೋಡೆಯ ಮೂಲೆಯದು ಮಾತ್ರ ಒಣಗಿತ್ತು. ಅಲ್ಲಿಗೆ ಬರುವ ನೀರನ್ನು ಬೇಲಿಗಿಡ ತಡೆಯುತ್ತಿತ್ತು. ಕ್ಷೌರಿಕ ಮೆಟ್ಟಿಲ ಮೇಲಿನ ಲೋಟ ಎತ್ತಿ ಅಲ್ಲಾಡಿಸಿದ.

"ಮೇಷ್ಟ್ರೇ, ನನ್ನ ಮೆಟ್ಟಿಲಿಗೆ ನೀರು ಬಂತು. ನಲ್ಲಿಗೆ ಯಾವಾಗ?"

ಮೇಷ್ಟ್ರು ಒಣ ಲೋಟವನ್ನೇ ನೋಡುತ್ತ ನಿಂತರು. ಆ ಮೂಲೆ ಹಳದಿಯಾದಾಗಲೆಲ್ಲ ಅವರು ಪಂಪು ಓಡುವ ಹೊತ್ತು ಹೆಚ್ಚಿಸಿದ್ದರು. ಶಾಲೆಯಲ್ಲೂ ಅದೇ ಅಭ್ಯಾಸ: ಒಬ್ಬ ಹುಡುಗ ಹೆಜ್ಜೆ ತಪ್ಪಿದರೆ ಇಡೀ ತರಗತಿಗೆ ಮೈದಾನ ಸುತ್ತುವ ಶಿಕ್ಷೆ.

"ಸರಿ," ಎಂದರು ಕೊನೆಗೆ. "ಏನು ಮಾಡ್ಬೇಕು ಹೇಳು. ಆದ್ರೆ ಕಳ್ಳಿ ಬೇಡ."

"ಕಳ್ಳಿ ಬೇಡ ಮಾವ. ಮಕ್ಕಳು ಆಡೋವಷ್ಟು ಹುಲ್ಲು ಇರಲಿ."

"ಮಕ್ಕಳು ಆಡ್ತಾರಾ? ಅದರ ಮೇಲೆ?"

"ಮತ್ತೆ ಯಾಕೆ ಬೆಳೆಸೋದು, ಆರತಿ ಎತ್ತೋಕಾ?" ಅತ್ತೆ ಲೋಟ ಎಣಿಸಿಕೊಳ್ಳುತ್ತ ಕೇಳಿದರು.

ಕೆಲಸ ಶುರುವಾಯಿತು. ದಾರಿಗೆ ಉಗುಳುತ್ತಿದ್ದ ಸ್ಪ್ರಿಂಕ್ಲರುಗಳ ಮುಖವನ್ನು ಹುಲ್ಲಿನತ್ತ ತಿರುಗಿಸಿದರು. ಯಾರೂ ಕಾಲಿಡದ ಗೋಡೆಯಂಚಿನ ಹುಲ್ಲು ತೆಗೆದು, ಕಡಿಮೆ ನೀರಿನಲ್ಲಿ ಬದುಕುವ ಹೂಗಿಡ ನೆಟ್ಟರು. ಹೆಚ್ಚು ನೀರು ಬೇಡುವ ಗಿಡಗಳನ್ನೆಲ್ಲ ಒಂದೇ ಕಡೆ ಸೇರಿಸಿದರು. ಬುಡಕ್ಕೆ ಹನಿಹನಿಯಾಗಿ ನೀರುಣಿಸುವ ಡ್ರಿಪ್ ಪೈಪು ಎಳೆದರು. ಗುಡಿಸಿ ಎಸೆಯುತ್ತಿದ್ದ ತರಗೆಲೆಯನ್ನು ಬುಡಕ್ಕೇ ಹಾಸಿದರು, ತೇವ ಆರದಿರಲಿ ಎಂದು. ನೀರು ಬಿಡುವುದು ನಸುಕಿನಲ್ಲಿ, ಅದೂ ಮಣ್ಣಿಗೆ ಬೆರಳಿಟ್ಟು ನೋಡಿದ ಮೇಲೆ. ಮಳೆ ಬಂದರೆ ಪಂಪಿಗೆ ರಜೆ. ಬೆರಳಿಡುವ ಕೆಲಸವನ್ನು ಮೇಷ್ಟ್ರು ಯಾರಿಗೂ ಬಿಟ್ಟುಕೊಡಲಿಲ್ಲ.

ತಿಂಗಳ ಕೊನೆ ಬಂತು. ಮೇಷ್ಟ್ರು ಎಂದಿನಂತೆ ಬೆಂಚಿನ ಮೇಲೆ ಕೂತು ಪೇಪರು ಬಿಡಿಸಿದರು, ಒಂದಕ್ಷರ ಓದಲಿಲ್ಲ. ಗಂಟೆ ಹನ್ನೊಂದಾಯಿತು. ಕ್ಷೌರಿಕ ನಲ್ಲಿ ತಿರುಗಿಸಿದ. ನೀರು ಧೋ ಎಂದು ಸುರಿಯಿತು.

"ನಿಲ್ಲಿಸಯ್ಯಾ, ಸುಮ್ನೆ ಚೆಲ್ಲಬೇಡ!"

ಕ್ಷೌರಿಕ ನಲ್ಲಿ ನಿಲ್ಲಿಸಿದ. "ಪಕ್ಕದ ಬೀದಿಯವರಿಗೆ ಬರಲ್ಲ ಅಂತ ಹೇಳಿ ಬಂದೆ. ಅಲ್ಲಿ ನೀರೇನೋ ಇದೆ ಮೇಷ್ಟ್ರೇ. ತಲೆ ತಿನ್ನೋಕೆ ಯಾರೂ ಇಲ್ಲ."

ಮೇಷ್ಟ್ರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅದು ತಲೆಕೆಳಗಾಗಿತ್ತು.

ಓದುತ್ತಿರುವ ನಿಮಗೂ ಒಂದು ಮಾತು. ನಿಮ್ಮ ಮನೆಗಳ ಮುಂದೆ, ಅಂಗಡಿ ಸಾಲಿನ ಮುಂದೆ, ಕಚೇರಿಯ ಅಂಗಳದಲ್ಲಿ ಹಸಿರಿದ್ದರೆ ಇರಲಿ, ಚೆನ್ನಾಗಿರಲಿ. ಆದರೆ ನೀರು ಎಲ್ಲಿ ಬೀಳುತ್ತಿದೆ ಎಂದು ನಾಳೆಯೇ ಇಳಿದು ನೋಡಿ. ಸಿಮೆಂಟಿಗೆ ಬಾಯಾರಿಕೆ ಇಲ್ಲ. ಮಧ್ಯಾಹ್ನ ಬಾಡಿದ ಗಿಡವನ್ನು ಸಂಜೆಯವರೆಗೆ ನಂಬಿ. ಯಾರೂ ಕಾಲಿಡದ ಹುಲ್ಲಿಗಿಂತ ಹೂ ಬಿಡುವ ಗಟ್ಟಿ ಗಿಡ ಮೇಲು. ನಷ್ಟವೇ ಇಲ್ಲ ಎಂದು ಹೇಳುವುದಿಲ್ಲ. ಆ ಅಂಗಳದಲ್ಲಿ ಹೋದದ್ದು ಗೋಡೆಯಂಚಿನ ಒಂದು ಪಟ್ಟಿ ಹುಲ್ಲು, ಕಿತ್ತು ನೆಡುವಾಗ ಸತ್ತ ಎರಡು ಗುಲಾಬಿ.