ಬಾಗಿಲಾಚೆಯ ವಾಣಿ

ಮ್ಯಾಂಚೆಸ್ಟರಿನಲ್ಲಿ ಮನಃಶಾಸ್ತ್ರ ಓದಿ ಬಂದ ಶಿವಾನಿಗೆ ಇಲ್ಲಿನ ನೋಂದಣಿ ಇನ್ನೂ ಸಿಕ್ಕಿರಲಿಲ್ಲ. ಅದು ಸಿಗುವವರೆಗೆ ಯಾರಿಗೂ ಚಿಕಿತ್ಸೆ ಕೊಡುವಂತಿರಲಿಲ್ಲ. ನಾಳೆ ನೋಂದಣಿಯ ಸಂದರ್ಶನವೆನ್ನುವ ಸಂಜೆ, ಚಾಮರಾಜಪೇಟೆಯ ಅವಳ ಮನೆಗೆ ಪಕ್ಕದ ಮನೆಯ ಶೈಲಜಮ್ಮ, ಕಾಲೇಜು ಓದುವ ವಾಣಿಯ ತಾಯಿ, ಓಡಿ ಬಂದರು.

“ವಾಣಿ ರೂಮಿನ ಚಿಲಕ ಹಾಕ್ಕೊಂಡ್ಬಿಟ್ಟಿದಾಳೆ ಕಣಮ್ಮ. ಬದುಕೋದೇ ಬೇಡ ಅಂತಿದಾಳೆ. ನೀನು ಡಾಕ್ಟ್ರಲ್ವಾ, ಬಾರಮ್ಮ!”

“ಆಂಟಿ, ನನಗಿನ್ನೂ ಲೈಸೆನ್ಸ್ ಬಂದಿಲ್ಲ,” ಎನ್ನುತ್ತಲೇ ಶಿವಾನಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಏನಾದರೂ ಹೆಚ್ಚುಕಮ್ಮಿಯಾದರೆ ಓದಿದ್ದೆಲ್ಲ ನೀರುಪಾಲು ಎಂಬುದು ಅವಳಿಗೆ ಗೊತ್ತಿತ್ತು. ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿಸಿ, ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು.

“ವಾಣಿ, ನಾನು ಶಿವಾನಿ. ಡಾಕ್ಟರಾಗಿ ಬಂದಿಲ್ಲ ಕಣೆ. ಇಲ್ಲೇ ಕೂತಿರ್ತೀನಿ, ಎಲ್ಲೂ ಹೋಗಲ್ಲ.”

ಬೀದಿಯಲ್ಲಿ ಸೈರನ್ ಕೇಳಿಸಿದಾಗ ವಾಣಿ ಒಳಗಿನಿಂದ, “ನೀನೂ ಜೊತೇಲಿ ಬರ್ತೀಯಾ?” ಎಂದಳು.

“ಬರ್ತೀನಿ.”

ಚಿಲಕ ಸರಿಯಿತು.

ಮರುದಿನ ಸಂದರ್ಶನದಲ್ಲಿ ನೋಂದಣಿ ಮಂಡಳಿಯ ಹಿರಿಯ ಸದಸ್ಯರು, “ಇಲ್ಲಿಗೆ ಬಂದ್ಮೇಲೆ ಯಾರಿಗಾದ್ರೂ ಚಿಕಿತ್ಸೆ ಕೊಟ್ಟಿದೀರಾ?” ಎಂದರು. ಶಿವಾನಿ ಹಿಂದಿನ ಸಂಜೆ ನಡೆದದ್ದನ್ನೆಲ್ಲ ಹೇಳಿದಳು.

ಅವರು ಪೆನ್ನು ಕೆಳಗಿಟ್ಟರು. “ಹುಡುಗಿ ಈಗ ಹೇಗಿದಾಳೆ?”

“ಆಸ್ಪತ್ರೇಲಿದಾಳೆ ಸರ್. ಬೆಳಿಗ್ಗೆ ಇಡ್ಲಿ ತಿಂದ್ಲು.”

ನೋಂದಣಿ ಮುಂದಿನ ತಿಂಗಳು ಬಂತು. ಆ ಹೊತ್ತಿಗೆ ವಾಣಿ ಮತ್ತೆ ಕಾಲೇಜಿಗೆ ಹೋಗತೊಡಗಿದ್ದಳು.