ಅಳತೆಯ ಹಲಗೆ

"ಏ ರಂಡಿ, ಕೂಸಿಗಿ ಅದರ ಮ್ಯಾಲ ಮಲಗಿಸಬ್ಯಾಡ! ಎತ್ತು, ಮೊದಲು ಎತ್ತು!"

ಆಮ್ರಪಾಲಿ ಇನ್ನೂ ಮಲಗಿಸಿರಲಿಲ್ಲ, ಮಕ್ಕಳ ಉದ್ದ ಅಳೆಯುವ ಹಲಗೆಯ ಮೇಲೆ ಬಗ್ಗಿದ್ದಳಷ್ಟೇ. ಕಟ್ಟೆಯ ಮೇಲೆ ಕೂತಿದ್ದ ಧೂಳಪ್ಪ ಪಾಟೀಲನ ದನಿಗೆ ಬೆಚ್ಚಿ ಮಗನನ್ನು ಮತ್ತೆ ಎದೆಗೆ ಅವುಚಿಕೊಂಡಳು. ಕೈಲಾಶನಿಗೆ ಎರಡು ವರ್ಷ ತುಂಬಿದ್ದರೂ ಕಾಲೂರಿ ನಿಲ್ಲುತ್ತಿರಲಿಲ್ಲ. ಕುತ್ತಿಗೆ ಕೂಡ ಅವನ ಮಾತು ಕೇಳುತ್ತಿರಲಿಲ್ಲ.

ದೇಶದ ಮಕ್ಕಳ ಆರೋಗ್ಯದ ಸರ್ವೆ ಔರಾದ ಕಡೆಯ ಆ ಊರಿಗೆ ಬಂದಿತ್ತು. ಲಾಟರಿ ಎತ್ತಿದಂತೆ ಕಂಪ್ಯೂಟರು ಕೆಲವು ಮನೆಗಳನ್ನು ಆರಿಸಿತ್ತು. ಅದಕ್ಕೇನು ಗೊತ್ತು ಪಾಪ, ಪಾಟೀಲನ ಮನೆಯ ಜೊತೆಗೆ ಕೇರಿಯ ಆಮ್ರಪಾಲಿಯ ಮನೆಯನ್ನೂ ಆರಿಸಿಬಿಟ್ಟಿತ್ತು! ಮನೆಮನೆಗೆ ಹೋಗಿ ಅಳೆಯಬೇಕೆಂಬುದು ನಿಯಮ. ಆದರೆ ಬೀದರಿನಿಂದ ಬಂದ ಸೂಪರ್‌ವೈಸರ್ ಅಮಿತಕುಮಾರನಿಗೆ ಪಾಟೀಲನ ಮನೆಯ ಮಂಡಕ್ಕಿ ಸುಸಲಾ, ಚಹಾ ಹೊಟ್ಟೆಗೆ ಬಿದ್ದ ಮೇಲೆ ಕೇರಿಯ ದಾರಿ ಕಾಣಿಸಲೇ ಇಲ್ಲ. ಸಾಮಾನೆಲ್ಲ ಪಾಟೀಲನ ಅಂಗಳದಲ್ಲೇ ಹರವಿ, ಅವಳನ್ನು ಅಲ್ಲಿಗೇ ಕರೆಸಿದ್ದ.

ಅಂಗನವಾಡಿಯ ಸುಂದರಬಾಯಿ ಹಿಂದಿನ ದಿನವೇ ಹೇಳಿದ್ದಳು: "ಅಳತಿ ಕಮ್ಮಿ ಬಂತಂದ್ರ ಅಲ್ಲೇ ಚೀಟಿ ಬರದು ಕೊಡ್ತಾರ ನೋಡವ್ವಾ. ಬೀದರ ದವಾಖಾನಿಗಿ ಗಾಡಿ ಒಯ್ತದ. ಪೋರಗ ಹಾಲು, ಔಷಧ ಕೊಟ್ಟು ಮೈ ಹಿಡಿಸಿ ಕಳಸ್ತಾರ." ಆ ಚೀಟಿಗಾಗಿಯೇ ಆಮ್ರಪಾಲಿ ಪಾಟೀಲನ ಹೊಲದ ಸೋಯಾ ಕೊಯ್ಲು ಬಿಟ್ಟು ಬಂದಿದ್ದಳು.

"ಮೊದಲ ನಿಮ್ಮ ಮೊಮ್ಮಗಳಿಗಿ ಅಳೀಲಿ ಮಾಲಕ್ರೆ. ಆಮ್ಯಾಲ ನನ್ನ ಮಗನಿಗಿ ಅಳೀಲಿ."

"ನಾಳಿಗಿ ಈ ಹಲಗಿ ಮತ್ತ್ಯಾರೋ ಚಲೋ ಮಂದಿ ಮನಿಗಿ ಹೋಗ್ತದ. ನಿನ್ನ ಪೋರಾ ಅದರ ಮ್ಯಾಲ ಹೇತರ ಯಾರ ತೊಳೀಬೇಕು, ನಿಮ್ಮಪ್ಪನೇನು?"

ಅಮಿತಕುಮಾರ ಹಲ್ಲು ಕಿಸಿದ. "ಬಿಡ್ರಿ ಪಾಟೀಲರೆ, ಕಣ್ಣಿಲೇ ಹೇಳ್ತೇನಿ. ಉದ್ದ ಎಂಬತ್ತೈದು ಸೆಂಟಿಮೀಟರ್, ತೂಕ ಹನ್ನೊಂದು ಕಿಲೋ" ಎಂದು ಟ್ಯಾಬಿನಲ್ಲಿ ಒತ್ತಿಯೇಬಿಟ್ಟ.

"ಹನ್ನೊಂದು? ಒಮ್ಮಿ ಎತ್ತಿ ನೋಡ್ರಿ ಸಾಹೇಬ್ರೆ! ಹುಂಜದಷ್ಟೂ ಇಲ್ಲ ನನ್ನ ಮಗ. ಹಿಂಗ ಬರದ್ರ ಚೀಟಿ ಹ್ಯಾಂಗ ಸಿಗ್ತದ?"

"ಕೆಟ್ಟ ನಂಬರ ಹೋದ್ರ ದಿಲ್ಲಿಯಾಗ ಜಿಲ್ಲಾದ ಮರ್ಯಾದಿ ಹೋಗ್ತದ. ನಿನ್ನ ಮಗ ಈಗ ಗಟ್ಟಿಮುಟ್ಟ ಅದಾನ. ಖುಷಿ ಪಡು ಹೋಗು."

ಕಟ್ಟೆಯ ಮೇಲಿದ್ದವರು ತೊಡೆ ತಟ್ಟಿಕೊಂಡು ನಕ್ಕರು.

ರಕ್ತವನ್ನು ಮಾತ್ರ ಅಂದಾಜಿನಲ್ಲಿ ಬರೆಯಲು ಬರುವುದಿಲ್ಲ, ಲ್ಯಾಬಿಗೆ ಶೀಶೆ ಹೋಗಲೇಬೇಕು. ದನದ ಕೊಟ್ಟಿಗೆಯ ಪಕ್ಕ ಅವಳನ್ನು ಕೂರಿಸಿ, ಸರ್ವೆಯವರ ಜೊತೆ ರಕ್ತ ತೆಗೆಯಲು ಬಂದಿದ್ದ ಹುಸೇನ ಅವಳ ತೊಡೆಯ ಮೇಲಿದ್ದ ಕೈಲಾಶನಿಗೆ ಸೂಜಿ ಚುಚ್ಚಿದ. ಒಂದು ಕೈಯಲ್ಲಿ ನರ ಸಿಗಲಿಲ್ಲ. ಇನ್ನೊಂದರಲ್ಲಿ ಚುಚ್ಚಿ, ತೆಗೆದು, ಮತ್ತೆ ಚುಚ್ಚಿದ. "ಮಾಫ್ ಮಾಡವ್ವಾ" ಎಂದು ಗೊಣಗುತ್ತಲೇ ಹನಿಹನಿಯಾಗಿ ಹಿಂಡಿ ತುಂಬಿಸಿದ. ರಕ್ತ ಕೊಟ್ಟರಾದರೂ ಚೀಟಿ ಸಿಕ್ಕೀತೆಂದು ಅವಳು ಹಲ್ಲು ಕಚ್ಚಿ ಮಗನ ತೋಳು ಹಿಡಿದಿದ್ದಳು. ಶೀಶೆ ಐಸಿನ ಡಬ್ಬಿಯೊಳಗೆ ಉಳಿದವರ ಶೀಶೆಗಳ ಜೊತೆ ಕೂತಿತು.

"ಈಗರೆ ಚೀಟಿ ಕೊಡ್ರಿ."

"ಏನ್ ಚೀಟಿ? ಗಟ್ಟಿಮುಟ್ಟ ಇದ್ದವರಿಗಿ ಚೀಟಿ ಇಲ್ಲ. ನಡಿ ಇಲ್ಲಿಂದ" ಎಂದ ಅಮಿತಕುಮಾರ.

ಅಷ್ಟರಲ್ಲಿ ಪಾಟೀಲನ ಸೊಸೆ ತನ್ನ ಮಗಳು ಸೌಂದರ್ಯಾಳನ್ನು ಹೊಸ ಫ್ರಾಕು ತೊಡಿಸಿ ಕರೆತಂದಳು. ಆಮ್ರಪಾಲಿ ಬಗ್ಗಿದ್ದ ಹಲಗೆಯೆಂದು ಅದರ ಮೇಲೆ ನೀರು ಚಿಮುಕಿಸಿ ಒರೆಸಿದಳು.

"ನನ್ನ ಮಗನ ರಕ್ತ ವಾಪಸ್ ಕೊಡ್ರಿ" ಎಂದಳು ಆಮ್ರಪಾಲಿ.

"ಏನಂದಿ?"

"ನಮ್ಮಿಂದ ಹಲಗಿಗಿ ಮೈಲಿಗಿ ಆಗ್ತದಂದ್ರ, ನಿಮ್ಮ ಡಬ್ಬಿಗಿ ಆಗಲ್ಲೇನು?"

"ತಲಿ ಕೆಟ್ಟದ ಈಕಿಗಿ! ಹುಸೇನ, ಡಬ್ಬಿ ಮುಚ್ಚೋ!" ಎಂದು ಅಮಿತಕುಮಾರ ಕೂಗಿದ.

ಹುಸೇನನ ಕೈ ಮುಚ್ಚಳದ ಮೇಲಿತ್ತು. ಅವನು ಅವಳ ಮುಖ ನೋಡಿ, ಕೈ ತೆಗೆದು ಪಕ್ಕಕ್ಕೆ ಸರಿದ.

ಅವಳು ಮೇಲೆಯೇ ಇದ್ದ ಮಗನ ಶೀಶೆ ಎತ್ತಿಕೊಂಡು ಹಲ್ಲಿನಿಂದ ಬಿರಡೆ ಕಿತ್ತಳು. ಒಂದು ಚಮಚೆಯಷ್ಟೂ ಇರಲಿಲ್ಲ. ಹಲಗೆಯಲ್ಲಿ ತಲೆ ಇಡುವ ಕಡೆ ಅಷ್ಟನ್ನೂ ಸುರಿದಳು.

"ನಾಳಿಂದ ನನ್ನ ಹೊಲ್ದಾಗ ಕಾಲಿಟ್ಟರ ಕಾಲು ಮುರೀತೇನಿ ಸೂಳೆ!" ಪಾಟೀಲ ಧೋತರದ ಚುಂಗು ಹಿಡಿದು ಕಟ್ಟೆಯಿಂದ ಇಳಿದ. ಮಗಳನ್ನು ಎತ್ತಿ ಹಿಡಿದಿದ್ದ ಸೊಸೆಯ ಕೈ ಗಾಳಿಯಲ್ಲೇ ನಿಂತಿತು. ಆಮ್ರಪಾಲಿ ಮಗನನ್ನು ಹೆಗಲಿಗೆ ಹಾಕಿಕೊಂಡು, ಒಂದು ಹೆಜ್ಜೆಯೂ ಹಿಂದೆ ಸರಿಯದೆ ಪಾಟೀಲನ ಕಣ್ಣಲ್ಲಿ ಕಣ್ಣಿಟ್ಟಳು.

"ಈಗ ನಿಮ್ಮ ಕೂಸಿಗಿ ಮಲಗಸ್ರಿ" ಎಂದಳು.