ಮೀನಿನ ಬಾಲದ ಪರ್ವತ

ಈ ಹುಚ್ಚು ಹಿಡಿಸಿದ್ದು ಗೋಕರ್ಣದಲ್ಲಿ ಯಾವನೋ ಬಿಳಿಯ ಬಿಟ್ಟುಹೋದ ಒಂದು ಪುಸ್ತಕ. ನನ್ನ ಗಂಡ ಕಿಶೋರ ಅವರಿಗೆ ಇಂಗ್ಲಿಷು ಬರುವುದಿಲ್ಲ, ಚಿತ್ರ ನೋಡಿದರು. ನೇಪಾಳದಲ್ಲಿ ಒಂದು ಪರ್ವತ, ತುದಿ ಎರಡಾಗಿ ಸೀಳಿ ಥೇಟ್ ಮೀನಿನ ಬಾಲ. ದಿನಾ ಬುಟ್ಟಿಗಟ್ಟಲೆ ಮೀನಿನ ಬಾಲ ನೋಡುವುದು ಸಾಲದೇ, ಇನ್ನೊಂದು ನೋಡಲು ಹಿಮಾಲಯಕ್ಕೆ ಹೋಗಬೇಕೇ ಎಂದು ನಕ್ಕವಳು ನಾನೇ. ಆದರೆ ಅವರು ಬೋಟಿಗೆ ಹೋದಮೇಲೆ ಆ ಪುಟ ತೆಗೆದು ನಾನೂ ನೋಡಿದೆ. ಎಷ್ಟು ಸಲ ಅಂತ ಹೇಳುವುದಿಲ್ಲ. ಸಾಯುವುದರೊಳಗೆ ಒಮ್ಮೆ ಅದನ್ನು ಕಣ್ಣಾರೆ ಕಾಣಬೇಕು ಎಂದು ಜೀವ ಒದ್ದಾಡಿತು.

"ನಾನೂ ಬರ್ತೆ" ಎಂದೆ.

"ಅದು ಹೆಂಗಸ್ರ ಕೈಲಿ ಆಗೂದಲ್ಲ ಮಾರಾಯ್ತಿ. ದಿನಾ ಏಳೆಂಟು ತಾಸು ಗುಡ್ಡ ಹತ್ತೂದು."

ಯಾರಿಗೆ ಹೇಳಿದ್ದು? ಇಪ್ಪತ್ತು ವರ್ಷದಿಂದ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು, ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಳಿದು, ಒಳಗಿನ ಕೇರಿಕೇರಿ ಸುತ್ತುವವಳಿಗೆ. ಇವರೋ ಕಾರವಾರದ ಬೈತಖೋಲದಲ್ಲಿ ಬೋಟು ಹತ್ತಿದರೆ ಮುಗಿಯಿತು, ಆಮೇಲೆ ಬೋಟೇ ಇವರನ್ನು ಹೊರುತ್ತದೆ. ಕೊನೆಗೆ, ಮೊದಲು ದಾರಿ ನೋಡಿಕೊಂಡು ಬರುತ್ತೇನೆ, ಹೆಂಗಸರಿಗೆ ಆಗುವಂಥದ್ದಾದರೆ ನಿನ್ನನ್ನು ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟು, ನನ್ನ ತಮ್ಮ ಬೊಮ್ಮಯ್ಯನನ್ನು ಜೊತೆ ಮಾಡಿಕೊಂಡರು.

ಹೊರಟದ್ದು ಯಾವಾಗ? ಎರಡು ಸಾವಿರದ ಎಂಟರ ಜೂನ್ ಕೊನೆಗೆ, ಸುರಿಯುವ ಮಳೆಯಲ್ಲಿ. ಸರ್ಕಾರ ಮೀನುಗಾರಿಕೆ ಬಂದ್ ಮಾಡಿ ಬೋಟೆಲ್ಲ ದಡ ಸೇರಿದ ಮೇಲಲ್ಲವೇ ನಮ್ಮ ಗಂಡಸರಿಗೆ ರಜೆ? ಹೆಣ್ಣು ನೋಡುವುದು, ಬಲೆ ಹೊಲಿಯುವುದು, ಹಲ್ಲು ಕೀಳಿಸುವುದು ಎಲ್ಲ ಆಗಲೇ. ಹಾಗಾಗಿ ಹಿಮಾಲಯವೂ ಆಗಲೇ. ಮಳೆ ಕಾರವಾರದಿಂದ ಭಟ್ಕಳದ ತನಕ ಮಾತ್ರ ಬೀಳುತ್ತದೆ ಎಂದು ಇಬ್ಬರೂ ನಂಬಿದ್ದರು. ಅಕ್ಟೋಬರಿನಲ್ಲಿ ಹೋಗಿ ಎಂದು ಪುಸ್ತಕದಲ್ಲೇ ಬರೆದಿತ್ತಂತೆ. ಓದುವವರು ಯಾರು?

ಇಪ್ಪತ್ತು ದಿನ ಕಳೆದು ಬಂದರು. ಕಾಲ ತುಂಬ ಉಂಬಳ ಕಚ್ಚಿ ರಕ್ತ ಹೀರಿದ ಕಲೆ. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಬೈತಖೋಲದ ಚಾ ಅಂಗಡಿಯಲ್ಲಿ ದಿನಾ ಸಭೆ. ಅಲ್ಲಿಯ ಲಾಜುಗಳಲ್ಲಿ ಊಟ ಮಾಡಿದರೆ ಹಾಸಿಗೆ ಪುಕ್ಕಟೆಯಂತೆ. ಅನ್ನ, ಬೇಳೆಸಾರು ಕೇಳಿದಷ್ಟು ಸಲ ಬಡಿಸುತ್ತಾರಂತೆ. ಬೊಮ್ಮಯ್ಯ ಐದನೇ ಸಲ ತಟ್ಟೆ ಒಡ್ಡಿದಾಗ ಲಾಜಿನವಳು ಪಾತ್ರೆಯನ್ನೇ ಒಳಗೆ ಎತ್ತಿಟ್ಟಳಂತೆ. ಪರ್ವತದ ಮಾತು ಬಂದರೆ ನಮ್ಮವರು ಎದ್ದು ನಿಂತು, ಎರಡೂ ಕೈಯೆತ್ತಿ ಗಾಳಿಯಲ್ಲಿ ಬಾಲ ಬಿಡಿಸಿ ತೋರಿಸುತ್ತಿದ್ದರು. ಕೇಳುವವರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅವರಿಗಾದರೂ ಬುದ್ಧಿ ಬೇಡವೇ?

ನನ್ನ ಮನೆಯಲ್ಲಿ ಗಂಜಿ ಉಣ್ಣುತ್ತ ಬೊಮ್ಮಯ್ಯ ಬಾಯಿಬಿಟ್ಟ. "ಎಂತಾ ಪರ್ವತ ಅಕ್ಕಾ? ಹೋಗೂವಾಗೂ ಮೋಡ, ಬರೂವಾಗೂ ಮೋಡ. ಬಾಲ ಬಿಡು, ಮುಂದೆ ಹೋಗೂ ಭಾವನ ಬೆನ್ನೇ ಕಾಣ್ತಿರ್ಲಿಲ್ಲ."

ಆ ವಾರ ಕಾರವಾರದ ಸ್ಟುಡಿಯೋದಿಂದ ಫೋಟೊ ಬಂದವು. ಮೂವತ್ತಾರರಲ್ಲಿ ಮೂವತ್ತು ಬರೀ ಬಿಳಿ. ಒಂದು ಮಾತ್ರ ಸ್ಪಷ್ಟವಾಗಿ ಬಂದಿತ್ತು. ನನ್ನದೇ ವಯಸ್ಸಿನ ಒಬ್ಬ ಹೆಂಗಸು, ಹಣೆಗೆ ಹೊರೆಯ ಪಟ್ಟಿ ಕಟ್ಟಿ, ಬೆನ್ನ ಮೇಲೆ ಒಂದರ ಮೇಲೊಂದು ಎರಡು ಚೀಲ ಹೊತ್ತು ಬಗ್ಗಿ ನಿಂತಿದ್ದಳು. ಪಕ್ಕದಲ್ಲಿ ಕೊಡೆ ಹಿಡಿದು ಹಲ್ಲು ಕಿರಿಯುತ್ತ ನಮ್ಮವರು.

"ಇದು ಯಾರು?"

"ಅದಾ? ಎರಡ್ನೇ ದಿನಕ್ಕೇ ನನ್ನ ಮೊಣಕಾಲು ಹಿಡ್ಕಂತು. ಬೊಮ್ಮಯ್ಯಂಗೆ ಸೊಂಟ. ಹನ್ನೊಂದು ದಿನ ಇಬ್ರ ಚೀಲನೂ ಅವಳೇ ಹೊತ್ತಳು. ಭಾಳ ಗಟ್ಟಿ ಹೆಂಗಸು."

"ಹೆಸರು ಎಂತದು?"

ಅವರು ಬೊಮ್ಮಯ್ಯನ ಮುಖ ನೋಡಿದರು. ಬೊಮ್ಮಯ್ಯ ತಲೆಯೆತ್ತಿ ಮನೆಯ ಮಾಡು ನೋಡಿದ. "ದೀದಿ ಅಂತಿದ್ವಿ" ಎಂದರು ನಮ್ಮವರು.

ನನಗೆ ಮೈಯೆಲ್ಲ ಉರಿಯಿತು. ಆದರೂ ಕೇಳಿದೆ, "ಹಾಗಾರೆ ನನ್ನ ಯಾವಾಗ ಕರ್ಕಂಡು ಹೋಗೂದು?"

"ದಾರಿ ನೋಡ್ಕಂಡೇ ಬಂದೆ ಅಲಾ. ಹೆಂಗಸ್ರಿಗೆ ಆಗೂವಂಥದ್ದಲ್ಲ ಅದು."

ಫೋಟೊ ಇನ್ನೂ ಅವರ ಕೈಯಲ್ಲೇ ಇತ್ತು. ಇಂಥವರ ಹತ್ತಿರ ಜಗಳ ಆಡುವುದೂ ದಂಡ ಎಂದು ನಾನು ಎದ್ದು ಹೋದೆ.

ದಸರೆ ಮುಗಿದ ವಾರ ನಾನೂ ಕಾಮಿಯೂ ಅದೇ ಪರ್ವತ ನೋಡಲು ಟಿಕೆಟು ತೆಗೆಸಿದೆವು. ಕಾಮಿ ಮೀನುಪೇಟೆಯಲ್ಲಿ ನನ್ನ ಪಕ್ಕ ಕೂರುವವಳು. ಆಗ ಬೋಟಿನ ತುಂಬ ಬಂಗಡೆ ಬರುವ ಕಾಲ. ಇಂಥ ಸೀಸನ್ನಿನಲ್ಲಿ ಬುಟ್ಟಿ ಬಿಟ್ಟು ಹೋಗುವವರುಂಟೇ ಎಂದು ಓಣಿಯೆಲ್ಲ ಬಾಯಿ ಮಾಡಿತು. ನಮ್ಮವರು ಮೂರು ದಿನ ಮಾತು ಬಿಟ್ಟರು. ಮನೆ ತಣ್ಣಗಿತ್ತು.

ಹೊರಡುವ ದಿನ ಅಂಕೋಲಾ ಸ್ಟೇಶನ್ನಿಗೆ ಬಂದರು. ಕಾಮಿ ಆಚೆ ಸರಿಯುವ ತನಕ ಕಂಬದ ಹತ್ತಿರ ನಿಂತಿದ್ದರು.

"ನಂಗೂ ಒಂದು ಟಿಕೆಟು ಸಿಕ್ತದೇನ ನೋಡುವನಾ?" ಎಂದರು. "ಅದು... ನಾ ನೋಡ್ಲೇ ಇಲ್ಲ ಮಾರಾಯ್ತಿ. ಸುಳ್ಳು ಹೇಳ್ದೆ. ಒಂದೇ ಒಂದು ಸಲ ಕಾಣ್ಬೇಕಿತ್ತು."

ಕಣ್ಣಲ್ಲಿ ನೀರಿತ್ತು. ನನಗೂ ಪಾಪ ಅನ್ನಿಸಿತು, ಇಲ್ಲವೆನ್ನುವುದಿಲ್ಲ. ರೈಲು ಬರುವ ಸದ್ದು ಕೇಳಿ ನಾನು ಚೀಲ ಎತ್ತಿ ತಲೆಯ ಮೇಲೆ ಇಟ್ಟುಕೊಂಡೆ.

"ಬೇಡ" ಎಂದೆ. "ನಿಮ್ಮ ಚೀಲನೂ ನಾವೇ ಹೊರ್ಬೇಕಾಗ್ತದೆ."